ಎದೆಗೆ ಕೋಲು ಹಚ್ಚುವ ಕಾಕಾ

ನಮ್ಮ ಕಾಕಾನ ಮನೆಗೆ ಹೋಗಿ ಚಹಾ ಕುಡಿಯದೆ ಬಂದವರಿದ್ದಾರು. ಎದೆ ತಪಾಸಣೆ ಮಾಡಿಸಿಕೊಳ್ಳದೆ ಬಂದವರು ಮಾತ್ರ ಒಬ್ಬರೂ ಇಲ್ಲ! ಹಾಗೆಂದು ಅವರೇನು ಡಾಕ್ಟರಲ್ಲ. ಐವತ್ತರ ದಶಕದ ನಾಗಪುರದಲ್ಲಿ, ಉಗಿ ಇಂಜಿನ್ನುಗಳಿಗಾಗಿ ಟಾಕಿಗೆ ನೀರೇರಿಸುವ ರೈಲ್ವೆ ಪಂಪಿನ ಮೇಸ್ತ್ರಿ. ಕೋಲಿನ ಒಂದು ತುದಿ ಪಂಪಿಗೆ, ಇನ್ನೊಂದು ಕಿವಿಗೆ ಹಚ್ಚಿ ಒಳಗಿನ ವಾಲ್ವ್ ಹೇಗಿದೆ ಎಂದು ಕೇಳುವುದು ಅವರ ಕಸುಬಿನ ರೂಢಿ. ಅದೇ ಕೋಲನ್ನು ಮನೆಗೆ ತಂದು ಬೀಗರ ಎದೆಗೆ ಹಚ್ಚುವುದು ಯಾವ ರೂಢಿ? ಕೇಳಿದರೆ ಕಾಕಾನ ಉತ್ತರ ಸಿದ್ಧ:

“ಎದಿ ಅಂದ್ರ ಏನ್ ತಿಳದೀ? ಒಂದ ಮನ್ಯಾಗ ಎರಡು ಪಂಪು! ಬಲಗಡೆದ್ದು ರಕ್ತ ಪುಪ್ಪುಸಕ್ಕ ಕಳಸ್ತೈತಿ. ಅಲ್ಲಿ ಗಾಳಿ ಕುಡದು ಬಂದದ್ದನ್ನ ಎಡಗಡೆದ್ದು ಅಂಗಾಲತನಕಾ ದಬ್ಬತೈತಿ. ಹಿಂದಕ್ಕ ಹರೀಬಾರದಂತ ನಡುವ ವಾಲ್ವ್. ರಜಾ ಇಲ್ಲ, ಬದಲಿ ಪಂಪೂ ಇಲ್ಲ!”

ನನ್ನ ಅಕ್ಕನನ್ನು ನೋಡಲು ಬಂದ ವರನನ್ನೂ ಬಿಡಲಿಲ್ಲ. “ಭಾಳ ಜೋರ್ ಹೊಡೀಲಿಕತ್ತೈತಿ” ಎಂದು ಮುಖ ಗಂಟಿಕ್ಕಿದರು.

“ಹುಡುಗಿ ನೋಡ್ಲಿಕ್ಕೆ ಬಂದಾನ್ರಿ, ಹೊಡೀಲಾರದ ಏನ್ ಮಾಡೀತು?” ಎಂದರು ಕಾಕಾನ ಹೆಂಡತಿ, ನಮ್ಮ ಕಾಕು.

ಒಂದು ದಿನ ಕಾಕು ಗಂಜಿ ಹಾಕಿದ ಹೊಸ ಸೀರೆಯುಟ್ಟು ಅರಿಶಿನ ಕುಂಕುಮಕ್ಕೆ ಹೊರಟಿದ್ದರು. ಕಾಕಾ ತಡೆದು ಕೋಲು ಹಚ್ಚಿದರು. ಕಾಕಾನ ಮುಖ ಬಿಳುಚಿತು. ಮರುದಿನದಿಂದ, ಒಂದು ಲೋಟ ನೀರನ್ನೂ ತಾವಾಗಿ ತುಂಬಿಕೊಳ್ಳದ ಮನುಷ್ಯ ನಳದಿಂದ ಕೊಡ ಹೊರತೊಡಗಿದರು! ರೊಟ್ಟಿಯನ್ನೂ ತಟ್ಟಿದರು; ಅದರ ಆಕಾರ ಕೇಳಬೇಡಿ.

ಎಂಟು ದಿನ ನೋಡಿದ ಕಾಕು ನನ್ನನ್ನು ಕರೆಸಿದರು. “ನಿಮ್ಮ ಕಾಕಾಗ ಏನೋ ಆಗೇತಿ. ಜಲ್ದಿ ಡಾಕ್ಟರ್ ಕಡೆ ಕರಕೊಂಡು ನಡಿಯಪಾ.” ಕಾಕಾ ಕೂಡಲೇ ಒಪ್ಪಿದರು. ನನಗಂತೂ ಭಯವೇ ಆಯಿತು.

ದವಾಖಾನೆಯಲ್ಲಿ ಕಾಕು ಕಾಕಾನತ್ತ ಬೆರಳು ತೋರಿದರು, ಕಾಕಾ ಕಾಕುವಿನತ್ತ! “ಆಕಿನ್ನ ನೋಡಂತ ಹೇಳೋ ಅವರಿಗೆ. ವಾಲ್ವ್ ಸೋರಲಿಕತ್ತೈತಿ, ಚರ್ ಚರ್ ಅಂತೈತಿ” ಎನ್ನುತ್ತ ಕಾಕಾ ನನ್ನ ತೋಳು ಹಿಡಿದರು.

ಡಾಕ್ಟರು ಇಬ್ಬರ ಎದೆಯನ್ನೂ ಬಹಳ ಹೊತ್ತು ಕೇಳಿದರು. “ದೋನೋ ಬಿಲ್ಕುಲ್ ಬರೋಬರ್!” ಇಬ್ಬರದೂ ಸರಿಯಾಗಿದೆ ಎಂದರು. ಆಮೇಲೆ ಕಾಕಾನ ಕೋಲನ್ನು ಇಸಿದುಕೊಂಡು, ಕಾಕು ಅಂದೂ ಉಟ್ಟಿದ್ದ ಆ ಗಂಜಿ ಸೀರೆಯ ಸೆರಗಿನ ಮೇಲೆ ಮೆಲ್ಲಗೆ ಎಳೆದರು. ಚರ್ ಚರ್!

ಅಬ್ಬ, ಬದುಕಿದೆವು! ನಾನು ಬಿದ್ದು ಬಿದ್ದು ನಕ್ಕೆ. ಕಾಕು ಮಾತ್ರ ಸಿಡಿದರು. “ಎಂಟ ದಿನಾ ಬಾಯಾಗ ಏನ್ ಇಟ್ಕೊಂಡಿದ್ರಿ? ನನಗೊಂದ ಮಾತ ಹೇಳಬಾರದಿತ್ತೇನು?”

ಕಾಕಾ ಟೊಪ್ಪಿಗೆ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡರು.

“ಹೇಳಿದ್ರ ನೀ ಅಂಜತಿದ್ದಿ. ನಾ ಒಬ್ಬಾವ ಅಂಜಿದ್ರ ಸಾಲದೇನು?”