ಶರಣಪ್ಪನಿಗೆ ಕಲ್ದಾರ್ ಯಾತಕ್ಕೆ?

ಸಾಲ ಕೇಳಲು ಬಂದ ಗೆಳೆಯ ಸಾಚಾನೋ ಮೋಸಗಾರನೋ ಎಂಬುದನ್ನು ಅವನು ಚಪ್ಪಲಿ ಬಿಡುವಷ್ಟರಲ್ಲೇ ಹೇಳಬಲ್ಲೆ ಎಂಬ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಬಂದವನು ಎಂದೂ ಇಲ್ಲದೆ ಮಕ್ಕಳ ಓದು ವಿಚಾರಿಸಿದನೋ, ಎಚ್ಚರ. ನಮ್ಮ ಮನೆಯ ಚಹಾ ಹೊಗಳಿದನೋ, ಪೆಟ್ಟಿಗೆಯ ಕೀಲಿ ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳಬೇಕು. ನಮ್ಮ ಮನೆಯ ಚಹಾ ನಾನೇ ಹೊಗಳಿದವನಲ್ಲ. ಈ ಜ್ಞಾನ ನನಗೆ ಪುಕ್ಕಟೆ ಬಂದದ್ದೂ ಅಲ್ಲ. ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ನಿಜಾಮರ ಆಳ್ವಿಕೆ ಹೋಗಿತ್ತು, ಅವರ ಹಾಲಿ ಸಿಕ್ಕಾ ರೂಪಾಯಿ ಮಾತ್ರ ನಮ್ಮ ಕಲಬುರ್ಗಿಯ ಪೇಟೆಯಲ್ಲಿ ಇನ್ನೂ ಓಡಾಡುತ್ತಿತ್ತು. ಇವತ್ತು ಹಾಲಿ ಬಂದ್, ನಾಳೆ ಬಂದ್ ಎಂದು ದಿನಕ್ಕೊಂದು ಗಾಳಿಸುದ್ದಿ. ಆಗ ನನ್ನ ಜೊತೆ ಓದಿದ ಒಬ್ಬ ಮಹಾನುಭಾವ ಬಂದು, "ನಿನ್ನ ಹಾಲಿ ಕೊಡಪಾ, ಸೊಲ್ಲಾಪುರದಾಗ ಕಲ್ದಾರ್ ಮಾಡಿಸ್ಕೊಂಡು ಬರ್ತೀನಿ" ಎಂದ. ಗಡಿಯಾಚೆ ನಡೆಯುವ, ಭಾರತ ಸರ್ಕಾರದ ಕಲ್ದಾರ್ ರೂಪಾಯಿಗೆ ಭಯವಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊಟ್ಟೆ. ಅವನು ಇನ್ನೂ ಸೊಲ್ಲಾಪುರದಲ್ಲೇ ಇದ್ದಾನೆ. ಅಲ್ಲಿ ಸರದಿ ಬಹಳ ಉದ್ದವಿರಬೇಕು.

ಅಂದಿನಿಂದ ನಾನು ಉಳಿಸಿದ್ದನ್ನೆಲ್ಲ ನಾನೇ ಕಲ್ದಾರ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಜಗತ್ತನ್ನೇ ಅನುಮಾನದಿಂದ ನೋಡತೊಡಗಿದೆ. ಅಂಥ ಕಾಲದಲ್ಲಿ ಶರಣಪ್ಪ ಬಂದ. ಶರಣಪ್ಪ ಎಂದರೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು, ಕಮಲಾಪುರದವನು. ಅಲ್ಲಿ ಅವನಿಗೆ ಕೆಂಪು ಬಾಳೆಯ ತೋಟ. ಹಳೆಯ ಸರ್ಕಾರದಲ್ಲಿ ಒಟ್ಟಿಗೆ ಉರ್ದು ಬರೆದು, ಹೊಸ ಸರ್ಕಾರದಲ್ಲಿ ಒಟ್ಟಿಗೆ ಕಕ್ಕಾಬಿಕ್ಕಿಯಾದವರು ನಾವು. ಎಂದೂ ಒಂದು ಕಾಸು ಕೇಳದವನು ಗಾಜಿಪುರ ಓಣಿಯ ನಮ್ಮ ಮನೆಗೆ ಬಂದು, ಮಕ್ಕಳ ಓದು ವಿಚಾರಿಸಿ, ಚಹಾ ಹೊಗಳಿ, ನೆಲ ನೋಡುತ್ತ, "ಒಂದಿಷ್ಟು ರೊಕ್ಕಾ ಬೇಕಾಗ್ಯಾವ. ಕಲ್ದಾರೇ ಬೇಕು. ತ್ವಾಟದ ಕೆಲಸಕ್ಕ. ಯಾರ ಮುಂದೂ ಹೇಳಬ್ಯಾಡ" ಎಂದ.

ಪತ್ತೇದಾರನಿಗೆ ಇನ್ನೇನು ಬೇಕು? ಕಮಲಾಪುರದ ತೋಟದ ಆಳುಗಳು ಹಾಲಿಯಲ್ಲಿ ಕೂಲಿ ತಗೊಳ್ಳುತ್ತಾರೆ, ಗೊಬ್ಬರದ ಗಾಡಿಯವನು ಹಾಲಿಯಲ್ಲಿ ಬಾಡಿಗೆ ತಗೊಳ್ಳುತ್ತಾನೆ. ಕಲ್ದಾರೇ ಬೇಕು ಎಂದು ಹಟ ಮಾಡುವ ಬಾಳೆಗಿಡವನ್ನು ನಾನು ಕಂಡಿರಲಿಲ್ಲ. "ಎರಡು ದಿನ ತಡಿ, ನೋಡೋಣ" ಎಂದು ಕಳಿಸಿದೆ. ಒಳಗಿನಿಂದ ಹೆಂಡತಿ ಬಂದಳು. "ಕೊಡೂದಿದ್ರ ಕೊಡ್ರಿ, ಇಲ್ಲಂದ್ರ ಇಲ್ಲಂತ ಹೇಳ್ರಿ. ನಡುವ ಎರಡು ದಿನ ಏನ್ ಮಾಡ್ತೀರಿ?" ಏನು ಮಾಡುತ್ತೇನೆಂದು ಹೇಳಿದೆ. ಅವಳು ಹಣೆ ಗಟ್ಟಿಸಿಕೊಂಡು ಒಳಗೆ ಹೋದಳು.

ಸರ್ಕಾರ ಬದಲಾದ ಮೇಲೆ ಕಚೇರಿಯ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಸರಿದಿತ್ತು. ಆ ಭಾನುವಾರವನ್ನು ದೇಶಸೇವೆಗೆಂಬಂತೆ ಮೀಸಲಿಟ್ಟು, ಹುಮನಾಬಾದ್ ಕಡೆಯ ಮೋಟಾರು ಹತ್ತಿ ಕಮಲಾಪುರದಲ್ಲಿ ಇಳಿದೆ. ಕಲ್ದಾರಿನ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೋಗಿದ್ದೆ. ಕೊಡುವ ಉದ್ದೇಶದಿಂದ ಎಂದು ತಿಳಿಯಬೇಡಿ. ನಾನು ಊರಲ್ಲಿಲ್ಲದಾಗ ಶರಣಪ್ಪ ಮನೆಗೆ ಬಂದರೆ ನನ್ನ ಹೆಂಡತಿ ಎತ್ತಿ ಕೊಟ್ಟುಬಿಡುತ್ತಾಳೆ ಎಂಬ ಭಯಕ್ಕೆ.

ಶರಣಪ್ಪ ಎಲ್ಲೋ ಹೊರಗೆ ಹೋಗಿದ್ದ. ಮನೆಯ ಕಟ್ಟೆಯ ಮೇಲೆ ಅವನ ತಾಯಿ ಕೂತಿದ್ದರು. ತೋಟವನ್ನು ಒಬ್ಬಳೇ ಆಳುವ ಹೆಂಗಸು ಎಂದು ಕೇಳಿದ್ದೆ. ನಾನು ಬಲು ಜಾಣತನದಿಂದ ಮಾತು ಶುರುಮಾಡಿದೆ. ತೋಟದಲ್ಲಿ ಏನು ಕೆಲಸ ನಡೆದಿದೆ, ತೋಟ ಯಾರ ಹೆಸರಿನಲ್ಲಿದೆ, ಸಾಲಗೀಲ ಇದೆಯೇ.

"ಯಾರಪಾ ನೀ?" ಎಂದರು ಮುದುಕಿ.

"ಶರಣಪ್ಪನ ದೋಸ್ತ ಅವ್ವಾ. ಒಂದೇ ಕಚೇರಿ."

"ದೋಸ್ತ? ಹಂಗಾದ್ರ ಅಂವನ ಹೇಣ್ತಿ ಹೆಸರು ಹೇಳು."

ನಮ್ಮ ಕಡೆ ಗಂಡಸರು ಗೆಳೆಯನ ಹೆಂಡತಿಯ ಹೆಸರು ಕೇಳುವುದಿಲ್ಲ. 'ಮನಿಯವ್ರು ಆರಾಮ ಅದಾರೇನು' ಎಂಬಲ್ಲಿಗೆ ಸಭ್ಯತೆಯ ಎಲ್ಲೆ ಮುಗಿಯಿತು. ಹೆಸರು ತಿಳಿದುಕೊಂಡವನು ಗೆಳೆಯನಾಗಿ ಉಳಿಯುವುದು ಕಷ್ಟ. ವರ್ಷಗಟ್ಟಲೆ ಪಕ್ಕದಲ್ಲಿ ಕೂತವನ ಹೆಂಡತಿಯ ಹೆಸರೂ ಗೊತ್ತಿಲ್ಲ, ಮಕ್ಕಳ ಹೆಸರೂ ನೆನಪಿಲ್ಲ, ಎದುರಿಗಿರುವ ತಾಯಿಯ ಹೆಸರಂತೂ ದೇವರೇ ಬಲ್ಲ. "ನಮ್ಮ ಮನಿದೇವರು ಯಾವ್ದು?" ಎಂದು ಕೇಳಿದರು. ಒಂದು ದೇವರ ಹೆಸರು ಊಹಿಸಿ ಹೇಳಿದೆ. ಅದು ಎದುರುಮನೆಯವರ ದೇವರಂತೆ.

"ಹೆಸರು ಗೊತ್ತಿಲ್ಲ, ದೇವರು ಗೊತ್ತಿಲ್ಲ, ತ್ವಾಟ ಯಾರ ಹೆಸರಿಲೆ ಅದ ಅಂತ ಕೇಳ್ಲಾಕತ್ತಿ. ಬಲೇ ದೋಸ್ತ!" ಎಂದರು. ಹಾಗೆಂದರೂ ಬಂದವನಿಗೆ ನೀರು ಕೊಡದೆ ಕಳಿಸುವ ಮನೆಯಲ್ಲ. ಪಕ್ಕದಲ್ಲಿದ್ದ ತಂಬಿಗೆ ಎತ್ತಿ, "ತಗೋ, ಕುಡದು ಹಾದಿ ಹಿಡಿ" ಎಂದು ನನ್ನ ಬದಿಯ ಕಂಬಕ್ಕೆ ಚಾಚಿದರು. ಮುದುಕಿಯ ತಮಾಷೆ ಎಂದುಕೊಂಡೆ. ಅವರು ಕಂಬದ ಎದುರು ಕೈ ಚಾಚಿಕೊಂಡೇ ಕಾದಿದ್ದರು. ಒಳಗಿನಿಂದ ಸೊಸೆ ಓಡಿಬಂದು ಆ ಕೈಯನ್ನು ಮೆಲ್ಲಗೆ ನನ್ನತ್ತ ತಿರುಗಿಸಿದಳು. ನಾನು ಹೊರಟು ನಿಂತಾಗ ಆಕೆ ಬಾಗಿಲ ಮರೆಯಿಂದ ಪಿಸುಗುಟ್ಟಿದಳು. "ಅಣ್ಣಾರ, ಹೊರಗ ಹೇಳಬ್ಯಾಡ್ರಿ. ಅತ್ತಿಯವರಿಗಿ ಕಣ್ಣು ಕಾಣಂಗಿಲ್ಲ. ಆಳುಗಳಿಗಿ ತಿಳದ್ರ ತ್ವಾಟ ಉಳಿಯಂಗಿಲ್ಲ ಅಂತ ಮುಚ್ಚಿಟ್ಟಾರ. ತಡಾ ಮಾಡಿದ್ರ ಪೂರಾ ಹೋಗ್ತಾವಂತ. ಸೊಲ್ಲಾಪುರದ ದವಾಖಾನಿಗಿ ಒಯ್ಯಬೇಕು."

ಸೊಲ್ಲಾಪುರದಲ್ಲಿ ಹಾಲಿ ನಡೆಯುವುದಿಲ್ಲ. ಕಲ್ದಾರೇ ಬೇಕು. ಇದಕ್ಕಾಗಿ ನಾನು ಮೋಟಾರಿನ ಧೂಳು ತಿಂದು ಬಂದಿದ್ದೆ. ನಾಚಿಕೆಯಾಯಿತು, ಬಹಳವೇ ಆಯಿತು. ನಾಚಿಕೆಯಾದಾಗ ನನಗೆ ಬುದ್ಧಿ ಇರುವುದಿಲ್ಲ. ಸೊಂಟದ ಗಂಟು ಬಿಚ್ಚಿ, ಶರಣಪ್ಪ ಕೇಳಿದ್ದಕ್ಕಿಂತ ಹೆಚ್ಚೇ ಇದ್ದ ಹಣವನ್ನು ಹಾಗೇ ಮುದುಕಿಯ ಮಡಿಲಿಗೆ ಹಾಕಿಬಿಟ್ಟೆ.

ಅವರು ಹಾವು ಬಿದ್ದಂತೆ ಎದ್ದು ನಿಂತರು. "ಕೇಳಲಾರ್ದ ರೊಕ್ಕಾ ಕೊಡ್ತಾನ, ನೋಡ್ರಿ! ಇವತ್ತ ರೊಕ್ಕಾ ಒಗೀತಿ, ನಾಳಿಗಿ ಕಾಗದ ತಂದು ಅಂಗೂಠಾ ಒತ್ತು ಅಂತಿ. ಇಂಥವ್ರನ್ನ ಭಾಳ ಮಂದಿ ನೋಡೀನಿ." ಆಜುಬಾಜಿನವರು ಬಂದರು. ಗಂಟನ್ನು ಸೊಸೆಯ ಕೈಯಲ್ಲಿಟ್ಟು ನಾನು ಮೋಟಾರು ನಿಲ್ಲುವ ಜಾಗಕ್ಕೆ ನಡೆದೆ. ನಡೆದೆ ಎಂಬುದು ಮರ್ಯಾದೆಯ ಮಾತು.

ಮರುದಿನ ಶರಣಪ್ಪನಿಗೆ, "ಕೊಡಬೇಕಂತನೇ ಹೋಗಿದ್ದೆ" ಎಂದೆ. ಪಾಪ, ನಂಬಿದ. ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ನನಗೆ ಹಿಂದಿನ ದಿನಕ್ಕಿಂತಲೂ ಕಷ್ಟವಾಯಿತು. ಆದರೆ ತಾಯಿ ಹೊರಡಲು ಒಪ್ಪಬೇಕಲ್ಲ? "ಆ ಮನಷ್ಯಾನ ರೊಕ್ಕದಾಗ ನಾ ಕಣ್ಣು ಮಾಡಿಸ್ಕೊಳ್ಳಂಗಿಲ್ಲ" ಎಂದು ಕೂತುಬಿಟ್ಟರಂತೆ. ಶರಣಪ್ಪ ನಿಜವಾದ ಮನೆದೇವರ ಮೇಲೆ ಆಣೆಯಿಟ್ಟು ಒಪ್ಪಿಸುವಷ್ಟರಲ್ಲಿ ಸೋತುಹೋದ. ಸಾಲ ಪಡೆಯುವವನು ಸಾಲ ಕೊಟ್ಟವನ ಪರವಾಗಿ ಜಾಮೀನು ನಿಂತ ಪ್ರಸಂಗ ನಮ್ಮ ಜಿಲ್ಲೆಯಲ್ಲಿ ಇದೊಂದೇ ಇದ್ದೀತು.

ಕಣ್ಣಿನ ಪೊರೆ ತೆಗೆದರು. ದೃಷ್ಟಿ ಉಳಿಯಿತು. ಕೆಲ ತಿಂಗಳ ಮೇಲೆ ತಾಯಿ-ಮಗ ಒಂದು ಕೆಂಪು ಬಾಳೆಯ ಗೊನೆ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ನಾನು ಕೋಟು ಹಾಕಿ, ತಲೆ ಬಾಚಿ, ಒಂದಿಷ್ಟು ಹೊಗಳಿಕೆಗೆ ಮನಸ್ಸನ್ನೂ ಸಿದ್ಧಮಾಡಿಕೊಂಡು ಎದುರಿಗೆ ನಿಂತೆ. ಮುದುಕಿ ದಪ್ಪ ಗಾಜಿನ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಿಧಾನವಾಗಿ ನೋಡಿದರು. ಆಮೇಲೆ ಮಗನತ್ತ ತಿರುಗಿದರು.

"ಶರಣ್ಯಾ, ಇವನ ರೊಕ್ಕಾ ಇವತ್ತೇ ಮುಟ್ಟಿಸಿಬಿಡು. ಕಣ್ಣಿಲ್ಲದಾಗ ಬರೇ ಸಂಶೇ ಇತ್ತು. ಈಗ ಖಾತ್ರಿ ಆಯ್ತು."

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಬೀದಿಗೆ ಕೇಳಿಸಿತು. ಹಣ ವಾಯಿದೆಗೆ ಮುಂಚೆಯೇ, ಆಗಲೇ ಅಲ್ಲೇ ಕೈಗೆ ಬಂತು. ಎಣಿಸಿಕೊಳ್ಳೋಣವೆಂದರೆ ಕನ್ನಡಕದೊಳಗಿಂದ ಆ ಎರಡು ಕಣ್ಣುಗಳು ನನ್ನ ಬೆರಳುಗಳನ್ನೇ ನೋಡುತ್ತಿದ್ದವು. ಸುಮ್ಮನೆ ಜೇಬಿಗೆ ಹಾಕಿಕೊಂಡೆ.