ಐವತ್ತನಾಲ್ಕು ಇಂಚಿನ ಬಿಲ್ಲು, ನನ್ನ ಗಿಡ್ಡ ಕೈ

ಬಿಲ್ಲು ಮಾಡುವುದು ಬಹಳ ಸುಲಭ. ಒಂದು ಕೋಲು ತೆಗೆದುಕೊಳ್ಳಬೇಕು, ಬಗ್ಗಿಸಬೇಕು, ದಾರ ಕಟ್ಟಬೇಕು. ಮುಗಿಯಿತು! ಚಡ್ಡಿ ಹಾಕುವ ವಯಸ್ಸಿನಲ್ಲಿ ಎಲ್ಲರೂ ಮಾಡಿದ್ದೇವೆ. ನಾನಂತೂ ಇಪ್ಪತ್ತೈದು ವರ್ಷದ, ಮೀಸೆ ಇರುವ, ಸ್ವಂತ ಉಳಿಪೆಟ್ಟಿಗೆ ಇರುವ ಬಡಗಿ. ನನಗೆ ಎಷ್ಟು ಹೊತ್ತು ಬೇಕು?

ಆರು ವಾರ ಬೇಕಾಯಿತು. ಅಷ್ಟರಲ್ಲಿ ಒಂದು ಕಿಟಕಿ, ಮೂರು ಹೆಂಚು ಮತ್ತು ಮೇಲೆ ಹೇಳಿದ ಮೀಸೆಯ ಅರ್ಧ ಭಾಗ ಕೈಬಿಟ್ಟು ಹೋದವು.

ಆಗ ನಾವು ಗೋವಾದ ಕೊರ್ತಾಲಿಮ್‌ನಲ್ಲಿ, ಜುವಾರಿ ಸೇತುವೆಯ ಮೇಲಿನ ಲಾರಿಗಳ ಸದ್ದು ಕೇಳುವಷ್ಟು ಹತ್ತಿರ, ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ನಾವು ಎಂದರೆ ನಾನು, ಹೆಂಡತಿ ಗಿರಿಜಾ ಮತ್ತು ಅವಳ ಹೊಲಿಗೆ ಮಷಿನ್ನು. ಓಣಿಯ ಹೆಂಗಸರ ಬ್ಲೌಸುಗಳೆಲ್ಲ ಅವಳ ಕೈಯಿಂದಲೇ ಆಗಬೇಕು. ಅಳತೆಯ ಟೇಪು ಸದಾ ಅವಳ ಕೊರಳಲ್ಲಿ ಇರುತ್ತಿತ್ತು. ತಾಳಿಯಾದರೂ ಸೆರಗಿನೊಳಗೆ ಮರೆಯಾಗುತ್ತಿತ್ತು, ಟೇಪು ಮಾತ್ರ ಇಲ್ಲ.

ನನ್ನನ್ನು ಗದಗದ ಕಡೆಯಿಂದ ಗೋವಾಕ್ಕೆ ಕರೆತಂದವನು ಸೋದರಮಾವ ಬಸಪ್ಪ. ಅವನು ಬಡಗಿ ಮೇಸ್ತ್ರಿ. ನಾನು ಅವನ ಕೈಕೆಳಗೆ ರಂದಾ ಎಳೆದು ಹಲಗೆ ನುಣುಪು ಮಾಡುವವನು. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ವರ್ಷ ರಂದಾ! ಟೇಪು ಮುಟ್ಟಲು ಹೋದರೆ ಮಾವ ಕೈಮೇಲೆ ಹೊಡೆಯುತ್ತಿದ್ದ.

“ಲೇ ಶಿವ್ಯಾ, ಅಳತಿ ನಾ ತಗೋತೀನಿ, ನೀ ಬರೇ ರಂದಾ ಹೊಡಿ. ನಿನ್ನ ಕೈಯಾಗ ಅಳತಿ ಕೊಟ್ರ ಬಾಗಲಾ ಹೋಗಿ ಕಿಟಕಿ ಆಗ್ತತಿ, ಕಿಟಕಿ ಹೋಗಿ ದೀಪದ ಗೂಡ ಆಗ್ತತಿ!”

ಇಂಥ ಹೊತ್ತಿನಲ್ಲಿ ಸಿಕ್ಕವರು ಕಾಯತಾನ್ ಅಂಕಲ್. ಹಡಗಿನ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದು ಹಳೆಯ ಮನೆ ರಿಪೇರಿ ಮಾಡಿಸುತ್ತಿದ್ದರು. ಎತ್ತರ ಆರೂಕಾಲು ಅಡಿ. ಅವರ ಜೊತೆ ಮಾತಾಡಿ ಬಂದರೆ ರಾತ್ರಿಯಿಡೀ ಕುತ್ತಿಗೆ ನೋವು. ಹಡಗು ಹತ್ತುವ ಮುಂಚೆ ನಾಲ್ಕು ವರ್ಷ ಹುಬ್ಬಳ್ಳಿಯಲ್ಲಿದ್ದರಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಯಾವುದೋ ದೂರದ ಬಂದರಿನಲ್ಲಿ ಬಿಲ್ಲುಗಾರಿಕೆಯ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಆದರೆ ಅವರ ಉದ್ದ ಬಿಲ್ಲು ಹಿತ್ತಲಿನ ಗೇರು ಮರದ ಕೊಂಬೆಗೆ ಹೋಗಿ ಬಡಿಯುತ್ತಿತ್ತು. ಮರ ಕಡಿಯಲು ಅವರಿಗೆ ಮನಸ್ಸಿಲ್ಲ.

“ಗಿಡ್ಡ ಬಿಲ್ಲು ಬೇಕು ರೇ,” ಎಂದರು. “ಮೂರು ತುಂಡಿಂದು. ನಡುವಿನ ಹಿಡಿಕೆಗೆ ರೈಸರ್ ಅಂತಾರೆ, ಎರಡು ಕಡೆ ತೋಳಿಗೆ ಲಿಂಬ್. ಬೋಲ್ಟ್ ಹಾಕಿ ಜೋಡಿಸೋದು. ಹಿಡಿಕೆ ಬಾಗೂದಿಲ್ಲ, ಬಾಗೂದು ತೋಳು. ಬಾಗೂವರಿಗೆ ಉದ್ದ ಬೇಕು. ನನ್ನ ಕೈ ಪಳೆ, ನೋಡು ಕೈ!”

ಅವರು ಚಾಚಿದ ಕೈ ನನ್ನ ತಲೆಯ ಮೇಲಿಂದ ಹಾದು ಹೋಯಿತು. ಆದರೆ ನಾನು ನೋಡುತ್ತಿದ್ದದ್ದು ಕೈಯನ್ನಲ್ಲ, ಅವರ ಮನೆಯ ಕಿಟಕಿಗಳನ್ನು. ಹನ್ನೊಂದು ಕಿಟಕಿ! ಎಲ್ಲವೂ ಗೆದ್ದಲು ತಿಂದವು, ಎಲ್ಲವೂ ಹೊಸದಾಗಿ ಆಗಬೇಕಾದವು.

“ಟೇಪ್ ತಾ, ಅಳೆದುಕೋ,” ಎಂದರು ಅಂಕಲ್.

“ಬ್ಯಾಡ್ರಿ ಅಂಕಲ್. ನನ್ನ ಕಣ್ಣಾಗ ಟೇಪ್ ಐತಿ! ಐವತ್ತನಾಲ್ಕ ಇಂಚ ಮಾಡ್ತೀನಿ, ನೋಡಾಕತ್ರ ನೋಡಕೋತ ನಿಂದರಬೇಕ ನೀವು.”

“ಬಿಲ್ಲು ಬರೆಂ, ಚಲೋ ಆದ್ರೆ ಕಿಟಕಿನೂ ನೀನೇ ಮಾಡು,” ಎಂದುಬಿಟ್ಟರು. ಐದು ವಾರ ಬಿಟ್ಟು ಭಾನುವಾರ ಹಡಗಿನ ಹಳೆಯ ಗೆಳೆಯರು ಊಟಕ್ಕೆ ಬರುವವರಿದ್ದರು, ಅವರ ಎದುರು ಹೊಸ ಬಿಲ್ಲು ಎಳೆದು ತೋರಿಸಬೇಕಂತೆ.

ಸುದ್ದಿ ಕೇಳಿ ಬಸಪ್ಪ ಮಾವ ಬೀಡಿ ಆರಿಸಿದ. ಬೀಡಿ ಪೂರ್ತಿ ಸೇದದೆ ಆರಿಸಿದನೆಂದರೆ ವಿಷಯ ಗಂಭೀರ.

“ಆತ. ಬಿಲ್ಲು ಚಲೋ ಆತಂದ್ರ ಹನ್ನೊಂದೂ ಕಿಟಕಿ ನಿಂದೋ, ನಾ ಅಡ್ಡ ಬರಂಗಿಲ್ಲ. ನೀನೂ ಮೇಸ್ತ್ರಿ. ಕೆಟ್ಟತಂದ್ರ ಇನ್ನ ಐದ ವರ್ಷ ರಂದಾ. ತುಟಿ ಪಿಟಕ್ ಅನ್ನಂಗಿಲ್ಲ.”

“ಆತ ಮಾವ,” ಎಂದೆ. ಎಷ್ಟು ಧೈರ್ಯ ನೋಡಿ!

ಮೊದಲ ಬಿಲ್ಲಿನ ನಿರ್ಮಾಣ ಕಾರ್ಯ ಶಾಸ್ತ್ರೋಕ್ತವಾಗಿ ಆರಂಭವಾಯಿತು. ನಾನು ವಿಚಾರ ಮಾಡಿದೆ. ಬಿಲ್ಲಿನಲ್ಲಿ ಬಡಗಿಯ ಕೈಚಳಕ ಕಾಣುವುದು ಎಲ್ಲಿ? ಹಿಡಿಕೆಯಲ್ಲಿ. ತೋಳು ಎಂದರೆ ಬರೀ ಬಿದಿರಿನ ಪಟ್ಟಿ, ಅದನ್ನು ಯಾರು ನೋಡುತ್ತಾರೆ? ಹಿಡಿಕೆ ಸಣ್ಣದು ಮಾಡಿದರೆ ನವಿಲು ಎಲ್ಲಿ ಕೆತ್ತಲಿ? ಹಾಗಾಗಿ ಅಂಕಲ್ ಹೇಳಿದ್ದನ್ನು ಸ್ವಲ್ಪ ಸುಧಾರಿಸಿದೆ. ಸಾಗವಾನಿಯ ಹಿಡಿಕೆ ಇಪ್ಪತ್ತಾರು ಇಂಚು, ಅದರ ಮೇಲೆ ಗರಿ ಬಿಚ್ಚಿದ ನವಿಲು. ಉಳಿದ ಜಾಗದಲ್ಲಿ ಹದಿನಾಲ್ಕು ಹದಿನಾಲ್ಕು ಇಂಚಿನ ಎರಡು ತೋಳು. ಒಟ್ಟು ಐವತ್ತನಾಲ್ಕು. ಲೆಕ್ಕ ಸರಿ! ಒಟ್ಟು ಸರಿ ಬಂದಮೇಲೆ ಒಳಗಿನದನ್ನು ಯಾರು ಕೇಳುತ್ತಾರೆ?

ಪಕ್ಕದ ಮನೆಯ ಮಹಬೂಬ್ ಭಾಯ್ ಕೇಳಿದ. ಅವನು ಬಿಜಾಪುರದ ಕಡೆಯವನು, ಟೆಂಪೋ ಓಡಿಸುತ್ತಿದ್ದ.

“ಶಿವು ಭಾಯ್, ಚಲೋ ಆಗೇತಿ. ಉಳದ ಮೂರ ಕಾಲು ಯಾವಾಗ ಮಾಡ್ತೀ?”

“ಯಾವ ಮೂರ ಕಾಲು?”

“ಮಂಚದ್ದು!”

ಮೀನುಗಾರರಿಂದ ತಂದ ನೈಲಾನ್ ಹಗ್ಗ ಬಿಗಿದು ಎಳೆದೆ. ಅದು ಅಲ್ಲಾಡಲಿಲ್ಲ. ಉಸಿರು ಬಿಗಿಹಿಡಿದು ಎಳೆದೆ. ನನ್ನ ಪ್ಯಾಂಟಿನ ಹೊಲಿಗೆ ಬಿಟ್ಟಿತು, ಬಿಲ್ಲು ಬಾಗಲಿಲ್ಲ. ಸೋಲುವ ಜಾತಿಯವನೇ ನಾನು? ಹಿಡಿಕೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ಅಂಗಳದಿಂದ ನಾನೂ ಮಹಬೂಬ್ ಭಾಯಿಯೂ ಸೇರಿ ಹಗ್ಗ ಜಗ್ಗಿದೆವು.

“ಬರಾಕತ್ತೇತಿ, ಬರಾಕತ್ತೇತಿ!” ಎಂದು ಮಹಬೂಬ್ ಕೂಗಿದ.

ಬಂತು. ಕಿಟಕಿ ಬಂತು. ಚೌಕಟ್ಟಿನ ಸಮೇತ, ಗಿರಿಜಾಳ ಕುಂಕುಮದ ಡಬ್ಬಿಯ ಸಮೇತ! ನಾವಿಬ್ಬರೂ ಅಂಗಳದಲ್ಲಿ ಅಂಗಾತ. ಅದೇ ಕ್ಷಣದಲ್ಲಿ ಒಂದು ತೋಳು ಲಟಕ್ಕನೆ ಮುರಿದು, ಹಾರಿ, ಮೂರು ಹೆಂಚು ಒಡೆದು ಮನೆಯೊಳಗೇ ಇಳಿಯಿತು.

ಗಿರಿಜಾ ಕಿಟಕಿ ಇದ್ದ ಜಾಗದಲ್ಲಿ ಮುಖ ತೋರಿಸಿದಳು.

“ಈ ಕಿಟಕಿ ಕುಂದರಿಸಿದ್ದ ಯಾರ್ರಿ?”

ನಾನೇ. ಆರು ತಿಂಗಳ ಹಿಂದೆ, ಮನೆ ಮಾಲಕಿ ಹೇಳಿದ್ದಕ್ಕೆ. ನಾನು ಬಹಳ ಶ್ರದ್ಧೆಯಿಂದ ಕುಂಕುಮದ ಡಬ್ಬಿ ಹುಡುಕತೊಡಗಿದೆ.

ಹಾಗೆಂದು ಬಿಡುವೆನೇ? ಎರಡನೇ ಬಿಲ್ಲು. ಈಗ ನನಗೆ ಜ್ಞಾನೋದಯವಾಗಿತ್ತು. ಬಾಗುವವರಿಗೆ ಉದ್ದ ಬೇಕು! ಹಾಗಾದರೆ ಪೂರ್ತಿ ಉದ್ದ ಅವರಿಗೇ ಕೊಡೋಣ. ತೋಳು ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು, ಹಿಡಿಕೆ ಆರೇ ಇಂಚು. ಒಟ್ಟು ಐವತ್ತನಾಲ್ಕು! ಎರಡು ಪದರ ಬಿದಿರು ಅಂಟಿಸಿ, ತುದಿಗಳನ್ನು ಗಿರಿಜಾ ಕಡುಬು ಬೇಯಿಸುವ ಪಾತ್ರೆಯ ಹಬೆಗೆ ಹಿಡಿದು ಹೊರಕ್ಕೆ ಬಾಗಿಸಿದೆ. ಮುಂದಿನ ಒಂದು ವಾರ ನಾವು ತಿಂದ ಕಡುಬಿಗೆಲ್ಲ ಅಂಟಿನ ವಾಸನೆ.

ಪರೀಕ್ಷೆಯ ದಿನ ಬಸಪ್ಪ ಮಾವ ಡ್ರಿಲ್ ಕೇಳುವ ನೆಪದಲ್ಲಿ ಬಂದು ಕಟ್ಟೆಯ ಮೇಲೆ ಕುಳಿತ. ಡ್ರಿಲ್ ಅವನ ಚೀಲದಲ್ಲೇ ಕಾಣುತ್ತಿತ್ತು.

ಬಿಲ್ಲು ಎತ್ತಿದೆ. ಆರು ಇಂಚಿನ ಹಿಡಿಕೆಯಲ್ಲಿ ಎರಡು ಬೋಲ್ಟಿಗೆ ಜಾಗ ಹೋಗಿ, ನನ್ನ ಮುಷ್ಟಿಗೆ ಉಳಿದದ್ದು ಎರಡು ಬೆರಳಿನಷ್ಟು ಮರ. ಆದರೂ ಎಳೆದೆ. ಆಹಾ, ಬೆಣ್ಣೆಯ ಹಾಗೆ ಬಂತು! ಗಲ್ಲದವರೆಗೆ ಬಂತು. ಮಾವನ ಕಡೆ ಒಂದು ನಗೆ ಬೀರಿದೆ. ಅಷ್ಟೇ. ಬಿಲ್ಲು ಕೈಯೊಳಗೇ ಮೀನಿನಂತೆ ಹೊರಳಿತು, ತೋಳು ತಿರುಚಿಕೊಂಡಿತು, ಹಗ್ಗ ನನ್ನ ಮುಖದ ಮೇಲಿಂದ ಸುಯ್ಯೆಂದು ಹೋಯಿತು. ಮುಟ್ಟಿ ನೋಡಿಕೊಂಡೆ. ಮೂಗು ಇತ್ತು. ಎಡಗಡೆಯ ಮೀಸೆ ಇರಲಿಲ್ಲ!

ಮಾವ ನಿಧಾನಕ್ಕೆ ಎದ್ದ.

“ಶಿವ್ಯಾ, ಇದಕ್ಕ ಬಾಣ ಬ್ಯಾಡ ಬಿಡ. ಹೇರ್ ಕಟಿಂಗ್ ಅಂಗಡಿಗೆ ಕೊಡು, ಬ್ಲೇಡಿನ ಖರ್ಚ ಉಳಿತೈತಿ.”

ಅಂದು ಉಳಿದರ್ಧ ಮೀಸೆಯನ್ನೂ ನಾನೇ ತೆಗೆದು, ಮತ್ತೆ ಬಿದಿರು ಸೀಳಲು ಕುಳಿತೆ. ಹನ್ನೊಂದು ಕಿಟಕಿ ಕಣ್ಣ ಮುಂದೆ ಬಂದು ಬಂದು ತೆರೆದುಕೊಳ್ಳುತ್ತಿದ್ದವು.

ಮೂರನೆಯದಕ್ಕೆ ಸಮಾಧಾನವಾಗಿ ಯೋಚಿಸಿದೆ. ನಡುವೆ ಒಂದು ಮುಷ್ಟಿ, ಬಾಣ ಕೂರುವ ಜಾಗ, ಎರಡು ತುದಿಗೆ ಬೋಲ್ಟು: ಹದಿನಾಲ್ಕು ಇಂಚು. ತೋಳು ಇಪ್ಪತ್ತು ಇಪ್ಪತ್ತು. ಅಳೆಯಲು ಗಿರಿಜಾಳ ಕೊರಳಿನ ಟೇಪು ಎಳೆದೆ.

“ಎಲ್ಲಾ ಅಳದ್ರಿ. ಅಂಕಲ್ ಅಳತಿ ಎಲ್ಲೈತಿ?” ಎಂದಳು.

“ನೋಡ, ನಿಂದು ಬ್ಲೌಸ್. ನಂದು ಶಸ್ತ್ರ. ಎರಡೂ ಬ್ಯಾರೆ ಬ್ಯಾರೆ ವಿದ್ಯಾ.”

“ಹೌದ್ರಿ, ಬ್ಯಾರೆನ. ನಾ ಹೊಲದ ಬ್ಲೌಸ್ ಕಿಟಕಿ ಕಿತ್ತಿಲ್ಲ ಇನ್ನೂ.”

ಆದರೆ ಈ ಸಲ ಬಿಲ್ಲು ಬಾಗಿತು! ಹೊರಳಲಿಲ್ಲ, ಮುರಿಯಲಿಲ್ಲ. ಇಪ್ಪತ್ತಾರು ಇಂಚಿನ ಬಾಣ ಹೂಡಿ ಗಲ್ಲದ ತನಕ ಎಳೆದು ಬಿಟ್ಟರೆ, ಮರದ ಹೊಟ್ಟು ತುಂಬಿದ ಚೀಲಕ್ಕೆ ದಪ್ಪೆಂದು ನೆಟ್ಟಿತು. ಗಿರಿಜಾ ಎಳೆದಳು, ಅವಳದೂ ನೆಟ್ಟಿತು. ಅವಳು ನನಗಿಂತ ಒಂದು ಇಂಚು ಮಾತ್ರ ಎತ್ತರ. ಮದುವೆಯ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ನಾನು ಇಟ್ಟಿಗೆಯ ಮೇಲೆ ನಿಂತಿದ್ದೆ. ಮಹಬೂಬ್ ಭಾಯ್ ಚಪ್ಪಾಳೆ ತಟ್ಟಿದ. ನಾನು ಸಂಜೆಯೇ ಅಂಗಡಿಗೆ ಹೋಗಿ ನನ್ನದೇ ಸ್ವಂತ ಟೇಪು ಕೊಂಡೆ. ಮೇಸ್ತ್ರಿ ಎಂದಮೇಲೆ ಬೇಕಲ್ಲ!

ಆ ಭಾನುವಾರ ಗೇರು ಮರದ ನೆರಳಿನಲ್ಲಿ ಸಭೆ ಸೇರಿತು. ಹಡಗಿನ ಇಬ್ಬರು ಗೆಳೆಯರು ಹುರಿದ ಬಾಂಗಡೆ ಮೀನಿನ ತಟ್ಟೆ ಹಿಡಿದು ಕುಳಿತಿದ್ದರು. ಗಿರಿಜಾ ಮನೆ ನೋಡಲು ಬಂದಿದ್ದಳು. ಬಸಪ್ಪ ಮಾವ ಯಾರೂ ಕರೆಯದೇ ಬಂದಿದ್ದ.

ಕಾಯತಾನ್ ಅಂಕಲ್ ಬಿಲ್ಲು ತಿರುಗಿಸಿ ನೋಡಿ, “ಬರೆಂ ದಿಸ್ತಾ,” ಎಂದರು. ಚಲೋ ಕಾಣುತ್ತದೆ ಎಂದು. ನನ್ನ ಎದೆ ಉಬ್ಬಿತು. ಬಾಣ ಹೂಡಿದರು. ಎಳೆದರು. ನಾನು ನಿಲ್ಲಿಸುವಲ್ಲಿ ಅವರ ಕೈ ನಿಲ್ಲಲಿಲ್ಲ! ಎಳೆಯುತ್ತಲೇ ಹೋದರು. ಬಾಣದ ಮೂತಿ ಬಿಲ್ಲು ದಾಟಿ ಹಿಂದೆ ಬಂತು, ಜಾರಿತು, ಅವರ ಬೂಟಿನ ಮೇಲೆ ಟಪ್ಪೆಂದು ಬಿತ್ತು.

ಗೆಳೆಯರು ಬಾಂಗಡೆ ನುಂಗುವುದನ್ನು ನಿಲ್ಲಿಸಿದರು.

“ಬಾಣ ಸ್ವಲ್ಪ ಗಿಡ್ಡ ಆಗೇತ್ರಿ,” ಎಂದೆ. “ಬಿಲ್ಲಿನ ತಪ್ಪಲ್ಲ.”

ಅಂಕಲ್ ಒಳಗಿನಿಂದ ತಮ್ಮ ಹಳೆಯ ಉದ್ದ ಬಾಣ ತಂದರು. ಮತ್ತೆ ಎಳೆದರು. ಇಪ್ಪತ್ತಾರು ದಾಟಿತು, ಇಪ್ಪತ್ತೆಂಟು ದಾಟಿತು. ಮುಂದೆ ಕಲ್ಲು ಎಳೆದ ಹಾಗಾಯಿತು, ಹಗ್ಗ ಬೆರಳುಗಳನ್ನು ಇಕ್ಕಳದಂತೆ ಹಿಂಡಿತು. “ಆಯ್ ಸಾಯ್ಬಾ!” ಎಂದು ಅವರು ಕೂಗಿದ್ದೂ, ಮೇಲಿನ ತೋಳು ಚಟಾರನೆ ಮುರಿದದ್ದೂ ಒಟ್ಟಿಗೇ ಆಯಿತು. ತುದಿ ಹಾರಿ ಹೋಗಿ ಬಾಂಗಡೆಯ ತಟ್ಟೆಯಲ್ಲಿ ನಿಂತಿತು. ನೆಟ್ಟಗೆ!

ಮಾವ ಜೇಬಿನಿಂದ ತನ್ನ ಟೇಪು ತೆಗೆದು, ಮೊದಲ ಕಿಟಕಿಯ ಕಡೆ ನಡೆದ.

“ಇನ್ನೊಂದ ವಾರ ಕೊಡ್ರಿ ಅಂಕಲ್!” ನಾನು ಅಡ್ಡ ನಿಂತೆ.

“ತಪ್ಪು ಎಲ್ಲಿ ಅಂತ ಹೇಳು, ಕೊಡ್ತೇನೆ.”

ನಾನು ಹೇಳಿದೆ. ಬಿದಿರು ಎಳೆಯದು ಎಂದೆ. ಅಂಟು ಒಣಗಿಲ್ಲ ಎಂದೆ. ಗೋವಾದ ಹವೆಯಲ್ಲಿ ತೇವ ಜಾಸ್ತಿ ಎಂದೆ. ಸೇತುವೆಯ ಮೇಲೆ ಲಾರಿ ಹೋದಾಗ ನೆಲ ನಡುಗುತ್ತದೆ ಎಂದೆ. ಅಂಕಲ್ ತಲೆ ಅಲ್ಲಾಡಿಸುತ್ತಲೇ ಇದ್ದರು. ಆಗ ಹಿಂದಿನಿಂದ ಗಿರಿಜಾ ಬಂದಳು.

“ಅಂಕಲ್, ಎರಡೂ ಕೈ ಚಾಚ್ರಿ.”

ಅವರು ಶಾಲೆಯ ಹುಡುಗನಂತೆ ಚಾಚಿದರು. ಕೊರಳಿನಿಂದ ಟೇಪು ತೆಗೆದು ಬೆರಳಿನ ತುದಿಯಿಂದ ತುದಿಗೆ ಹಿಡಿದಳು. ಎಪ್ಪತ್ತಾರು ಇಂಚು. ನನ್ನ ಕಡೆ ತಿರುಗಿದಳು.

“ನೀವೂ ಚಾಚ್ರಿ.”

ಅರವತ್ತಮೂರು. ಅದೂ ಗೌರವಕ್ಕೆ ಸ್ವಲ್ಪ ಉಗುರು ಸೇರಿಸಿ.

“ನಾ ಬ್ಲೌಸ್ ಹೊಲಿಯೂದು ಹಾಕ್ಕೊಳ್ಳೋರ ಅಳತಿಗೆ,” ಎಂದಳು. “ನನ್ನ ಅಳತಿಗೆ ಹೊಲದು ಊರ ಮಂದಿಗೆಲ್ಲಾ ಕೊಟ್ಟಿದ್ರ ಇಷ್ಟೊತ್ತಿಗೆ ಓಡಿಸಿ ಹೊಡೀತಿದ್ರು. ನೀವು ಬಿಲ್ಲು ಮಾಡೀರಿ ನಿಮ್ಮ ಕೈಗೆ, ಕೊಟ್ಟೀರಿ ಅಂಕಲ್ ಕೈಗೆ!”

ಅಷ್ಟಕ್ಕೇ ಬಿಡಲಿಲ್ಲ. ಅಂಕಲ್‌ಗೆ ಬಿಲ್ಲು ಹಿಡಿದಂತೆ ನಿಲ್ಲಲು ಹೇಳಿ, ಸ್ಟೂಲು ಹತ್ತಿ, ಅವರ ಮುಷ್ಟಿಯಿಂದ ಗೇರು ಕೊಂಬೆಯವರೆಗೆ ಅಳೆದಳು. ಮೂವತ್ತಮೂರು ಇಂಚು! ಅಂದರೆ ಅರವತ್ತು ಇಂಚಿನ ಬಿಲ್ಲು ಮಾಡಿದರೂ ಮುಷ್ಟಿಯ ಮೇಲೆ ಏಳುವುದು ಮೂವತ್ತೇ ಇಂಚು. ಕೊಂಬೆಗೆ ಮೂರು ಇಂಚು ದೂರ. ನಾನು ಕಣ್ಣಲ್ಲೇ ಅಳೆದ ಆ ಪವಿತ್ರ ಐವತ್ತನಾಲ್ಕಿಗೆ ಬುಡವೇ ಇರಲಿಲ್ಲ!

“ಹಿಡಿಕಿ ಹದಿನಾಲ್ಕ ಇರಲಿ,” ಎಂದೆ ನಾನು, ಅವಸರದಲ್ಲಿ. “ಹೆಚ್ಚಿಗಿ ಆರ ಇಂಚ ಪೂರಾ ತೋಳಿಗೆ ಕೊಡ್ತೀನಿ. ಇಪ್ಪತ್ತಮೂರು, ಇಪ್ಪತ್ತಮೂರು.”

ಅಂಕಲ್ ಮೊದಲ ಸಲ ನಕ್ಕರು. “ಒಂದು ವಾರ,” ಎಂದರು.

ಆ ವಾರ ನಾನು ಬಿದಿರನ್ನು ನನ್ನ ಮೀಸೆಗಿಂತ ಹೆಚ್ಚು ಪ್ರೀತಿಯಿಂದ ನೋಡಿಕೊಂಡೆ. ನಾಲ್ಕನೇ ಬಿಲ್ಲನ್ನು ಅಂಕಲ್ ಪೂರ್ತಿ ಕೈ ಚಾಚಿ ಎಳೆದರು. ಕೊಂಬೆಗೆ ತಾಗಲಿಲ್ಲ, ಬೆರಳು ಹಿಂಡಲಿಲ್ಲ. ಬಾಣ ಹಿತ್ತಲಿನ ಆ ತುದಿಯ ಚೀಲಕ್ಕೆ ಹೋಗಿ ನೆಟ್ಟಿತು. ಬಸಪ್ಪ ಮಾವ ಎರಡನೇ ಬಾರಿಗೆ ಪೂರ್ತಿ ಸೇದದ ಬೀಡಿ ಆರಿಸಿ, “ಕಿಟಕಿ ನಿಂದೋ,” ಎಂದ.

ಗೆದ್ದೆ! ಮೊದಲ ಬಿಲ್ಲಿನ ನವಿಲಿನ ಹಿಡಿಕೆಯೂ ವ್ಯರ್ಥವಾಗಲಿಲ್ಲ. ಗಿರಿಜಾ ಈಗಲೂ ಅದರಲ್ಲೇ ಬಟ್ಟೆ ಬಡಿಯುತ್ತಾಳೆ. ನನ್ನ ಅಂಗಿಗಳ ಬೆನ್ನಿನ ಮೇಲೆ ಸೂಕ್ಷ್ಮವಾಗಿ ನೋಡಿದರೆ ಗರಿಗಳ ಗುರುತು ಕಾಣಬಹುದು.

ಕಿಟಕಿ ಕೆಲಸದ ಮೊದಲ ದಿನ ಹೊಸ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಿಗುರು ಮೀಸೆ ತಿರುವಲು ಪ್ರಯತ್ನಿಸುತ್ತ ಹೋದೆ. ಅಂಕಲ್ ಒಳಗಿನಿಂದ ಕೂಗಿದರು:

“ಮೇಸ್ತ್ರಿ! ಓ ಮೇಸ್ತ್ರಿ!”

ನಾಲ್ಕು ವರ್ಷದಿಂದ ಕಾದಿದ್ದ ಕರೆ. ಓಡಿದೆ.

“ಬಂದೆ ಅಂಕಲ್!”

“ನೀನಲ್ಲ ರೇ,” ಎಂದರು. “ಗಿರಿಜಾ ಮೇಸ್ತ್ರಿಗೆ ಹೇಳು, ಅಳತೆ ತಗೊಳ್ಳೋಕೆ ಬರಲಿ.”

ಹನ್ನೊಂದೂ ಕಿಟಕಿಯ ಅಳತೆ ಅವಳೇ ತೆಗೆದಳು. ಒಂದೂ ತಪ್ಪಲಿಲ್ಲ. ಹಲಗೆಗಳಂತೂ ಬಹಳ ನುಣುಪಾಗಿವೆ ಎಂದು ನೋಡಿದವರೆಲ್ಲ ಹೊಗಳಿದರು. ರಂದಾ ನನ್ನದು!