ಅಕ್ಕನ ಕೇಕು, ನನ್ನ ಕುರಿ ಮತ್ತು ತಣ್ಣಗಾಗದ ಕಾರು

ಯಂತ್ರಗಳ ವಿಷಯದಲ್ಲಿ ನಾನು ಸುಮ್ಮನೆ ಬಾಯಿಬಿಡುವವನಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದರೂ ಊರಿನ ಅರ್ಧ ಪಂಪ್‌ಸೆಟ್ಟುಗಳ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದ್ದೇನೆ. ಅವುಗಳಲ್ಲಿ ಕೆಲವನ್ನು ಮತ್ತೆ ಮುಚ್ಚಿಯೂ ಇದ್ದೇನೆ. ಆದ್ದರಿಂದ ಅಕ್ಕ, "ಕಾರಿನ ಎ.ಸಿ. ತಣ್ಣಗೆ ಬರ್ತಿಲ್ಲ ಕಣ್ಲಾ" ಎಂದಾಗ, "ನಾನಿಲ್ವಾ? ಬುಡು" ಎಂದುಬಿಟ್ಟೆ.

ನಮ್ಮ ಸಾವಿತ್ರಕ್ಕ ಮಧುಗಿರಿಯಲ್ಲಿ ಮನೆಯಲ್ಲೇ ಕೇಕು ಮಾಡುತ್ತಾಳೆ. ನಮ್ಮ ಕಡೆಯ ಬಿಸಿಲಿಗೆ ಕೆನೆಯ ಕೇಕು ಕಾಲು ಗಂಟೆಯೂ ನಿಲ್ಲುವುದಿಲ್ಲ. ಅವಳು ಹಳೆಯ ಕಾರು ಕೊಂಡದ್ದೇ ಅದರ ಎ.ಸಿ.ಗಾಗಿ. ನಾನು ಡ್ರೈವರ್. ಆ ಭಾನುವಾರ ವೈ.ಎನ್.ಹೊಸಕೋಟೆಯ ಆರತಕ್ಷತೆಯೊಂದಕ್ಕೆ ಮೂರು ಅಂತಸ್ತಿನ ಕೇಕು ಹೋಗಬೇಕಿತ್ತು. ಅಕ್ಕ ಮೂರು ಅಂತಸ್ತು ಕಟ್ಟುತ್ತಿದ್ದುದು ಅದೇ ಮೊದಲು. ಅದು ನೆಟ್ಟಗೆ ತಲುಪಿದರೆ ಮುಂದಿನ ಮದುವೆಗಳಿಗೆಲ್ಲ ನಿಮ್ಮದೇ ಕೇಕು ಎಂದು ಅಲ್ಲಿನ ಛತ್ರದವರು ಮಾತು ಕೊಟ್ಟಿದ್ದರು.

"ಶಿರಾಕ್ಕೋಗಿ ಮೆಕ್ಯಾನಿಕ್‌ಗೆ ತೋರ್ಸ್ಕೊಂಡು ಬಾರ್ಲಾ" ಎಂದಳು ಅಕ್ಕ.

ಮೆಕ್ಯಾನಿಕ್! ಅದೊಂದು ಮಾತ್ರ ಆಗುವಂತಿರಲಿಲ್ಲ. ಕಾರಣವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಸಂತೆಯ ದಿನಗಳಲ್ಲಿ, ಅಕ್ಕನಿಗೆ ತಿಳಿಯದಂತೆ, ನಾನು ಆ ಕಾರಿನಲ್ಲಿ ಎರಡೆರಡು ಕುರಿಗಳನ್ನು ಶಿರಾಕ್ಕೆ ಒಯ್ಯುತ್ತಿದ್ದೆ. ಗೂಡ್ಸ್ ಆಟೋದಲ್ಲಿ ಹೋದ ಕುರಿ ಏದುಸಿರು ಬಿಡುತ್ತದೆ. ಕೊಳ್ಳುವವನು ಬೆನ್ನು ಹಿಚುಕಿ ನೋಡಿ, "ಸೊರಗೈತಲ್ಲಪ್ಪ" ಎನ್ನುತ್ತಾನೆ. ಎ.ಸಿ.ಯಲ್ಲಿ ಹೋದ ಕುರಿ ಮದುಮಗನಂತೆ ಇಳಿಯುತ್ತದೆ. ಒಂದು ಹಿಂದಿನ ಸೀಟಿನಲ್ಲಿ, ಇನ್ನೊಂದು ಮುಂದೆ ನನ್ನ ಪಕ್ಕದಲ್ಲಿ, ಕಾಲಿಡುವ ಜಾಗದಲ್ಲಿ. ಮುಂದಿನದಂತೂ ತಂಪುಗಾಳಿಯ ಕಿಂಡಿಗೆ ಮುಖವೊಡ್ಡಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ವಾಪಸು ಬಂದು ಗುಡಿಸಿ ಊದುಬತ್ತಿ ಹಚ್ಚುತ್ತಿದ್ದೆ. "ನನ್ನ ಕಾರ್ ಮೇಲೆ ನನ್ ತಮ್ಮಂಗೆ ಎಷ್ಟು ಭಕ್ತಿ!" ಎಂದು ಅಕ್ಕ ಬೀದಿಯವರಿಗೆಲ್ಲ ಹೇಳುತ್ತಿದ್ದಳು.

ಹೀಗಿರುವಾಗ ಮೆಕ್ಯಾನಿಕ್ಕಿನ ಮೂಗಿಗೆ ಕಾರನ್ನು ಒಪ್ಪಿಸುವುದೆಂತು? ರಿಪೇರಿಯನ್ನು ನಾನೇ ಕೈಗೆತ್ತಿಕೊಂಡೆ.

ಮೊದಲ ದಿನ, ಧೂಳು ಕಟ್ಟಿಕೊಂಡಿದೆ ಎಂದು ತೀರ್ಮಾನಿಸಿ ಔಷಧಿ ಹೊಡೆಯುವ ಪಂಪಿನಿಂದ ಮುಂದಿನ ಜಾಲರಿಗೆ ನೀರು ಹೊಡೆದೆ. ಹಾರನ್ ಕೆಟ್ಟಿತು. ಎರಡನೆಯ ದಿನ ಫ್ಯೂಸುಗಳನ್ನೆಲ್ಲ ಕಿತ್ತು ಒರೆಸಿ ಮತ್ತೆ ಹಾಕಿದೆ. ಒಂದು ಫ್ಯೂಸು ಮಿಕ್ಕಿತು! ಅದನ್ನು ಜೇಬಿಗಿಟ್ಟುಕೊಂಡೆ. ಮೂರನೆಯ ದಿನ ಹೊಳೆದದ್ದೇ ಕುಲವಿದ್ಯೆ. ಕುರಿ ಕಾಯುವವರು ನಾವು. ಮಡಕೆಗೆ ಒದ್ದೆ ಕಂಬಳಿ ಸುತ್ತಿದರೆ ನೀರು ತಣ್ಣಗಿರುತ್ತದೆಂದು ಹುಟ್ಟಿದಾಗಿನಿಂದ ಬಲ್ಲೆವು. ಕಾರು ಹೊರಗಿನ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ, ಗಾಜಿನ ಕೆಳಗೆ, ಅಪ್ಪನ ಹಳೆಯ ಕಂಬಳಿಯನ್ನು ನೆನೆಸಿ ಮಡಿಸಿಟ್ಟೆ. ಕುರಿಯ ವಾಸನೆ ಬಂದರೆ ಅದಕ್ಕೂ ಒಂದು ಕಾರಣ ಸಿಕ್ಕಂತಾಯಿತು.

ಬೆಳಗಿನ ಜಾವ ಓಡಿಸಿ ಪರೀಕ್ಷಿಸಿದೆ. ತಣ್ಣಗಿತ್ತು! ಆ ಹೊತ್ತಿನಲ್ಲಿ ಹೊರಗೂ ತಣ್ಣಗೇ ಇತ್ತು ಎಂಬುದು ಆಮೇಲೆ ಹೊಳೆಯಿತು.

ಭಾನುವಾರ ಹತ್ತೂವರೆಗೆ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ ಕೇಕನ್ನು ತಬ್ಬಿಕೊಂಡಂತೆ ಕೂತಿದ್ದಳು. ತುದಿಯಲ್ಲಿ ಸಕ್ಕರೆಯ ಗಂಡು ಹೆಣ್ಣು ಕೈಹಿಡಿದು ನಿಂತಿದ್ದರು.

"ಇದೇನ್ಲಾ, ಒದ್ದೆ ಕುರಿ ವಾಸ್ನೆ?"

"ಕಂಬ್ಳಿ ಕಣಕ್ಕ. ತಂಪಿಗೆ."

"ತಂಪೆಲ್ಲೈತೆ?"

ಮಿಡಿಗೇಶಿ ತಲುಪುವಷ್ಟರಲ್ಲಿ ಸಕ್ಕರೆಯ ಗಂಡು ಮೊಣಕಾಲಿನವರೆಗೆ ಹೂತುಹೋಗಿದ್ದ. ಹೆಣ್ಣು ಅವನ ಕೈಬಿಟ್ಟಿದ್ದಳು. "ನಿಲ್ಲಿಸ್ಲಾ!" ಎಂದು ಅಕ್ಕ ಚೀರಿದಳು. ಎದುರಿಗೇ ಒಂದು ಗ್ಯಾರೇಜು. ಅದನ್ನು ನಡೆಸುತ್ತಿದ್ದವರು ಶಿರಾದಿಂದ ಬಂದು ನೆಲೆಸಿದ್ದ ಅನ್ವರ್ ಭಾಯಿ.

ಅವರು ಬಾನೆಟ್ ಎತ್ತಲಿಲ್ಲ. ಕಿಂಡಿಗೆ ಅಂಗೈ ಒಡ್ಡಿ, "ಗಾಳೀನೇ ಬರ್ತಿಲ್ಲ" ಎಂದರು. ಮುಂದಿನ ಸೀಟಿನೆದುರಿನ ಡಬ್ಬಿ ಕಳಚಿ, ಅದರ ಹಿಂದಿನಿಂದ ಗಾಳಿ ಸೋಸುವ ಫಿಲ್ಟರನ್ನು ಎಳೆದರು. ಬಂತು. ಫಿಲ್ಟರಲ್ಲ, ತಲೆದಿಂಬು! ಗಟ್ಟಿಯಾಗಿ ಹೆಣೆದುಕೊಂಡ ಕುರಿಯ ಉಣ್ಣೆ.

"ಅರೆ, ಇದು ಕಾರಾ ಅಕ್ಕಾ, ಕುರಿ ರೊಪ್ಪಾನಾ?"

ಅಕ್ಕ ಉಣ್ಣೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಊದುಬತ್ತಿ ಇದಕ್ಕೇನ್ಲಾ?" ಎಂದಳು, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಪಾಪಪ್ರಜ್ಞೆ ಮನುಷ್ಯನನ್ನು ಚುರುಕಾಗಿಸುತ್ತದೆ. ಬೇಗ ತಂಪಾಗಲಿ ಎಂದು ಓಡಿಹೋಗಿ ಎ.ಸಿ. ಗಾಳಿಯನ್ನು ಕೊನೆಯ ನಂಬರಿಗೆ ತಿರುಗಿಸಿದೆ. "ಠೈರೋ, ತಡಿ!" ಎಂದು ಅನ್ವರ್ ಭಾಯಿ ಕೂಗಿದರು. ತಡವಾಗಿತ್ತು. ಗಾಳಿ ಬಂತು. ಹಿಮದಂಥ ಗಾಳಿ! ಜೊತೆಗೆ ಒಳಗೆ ಉಳಿದಿದ್ದ ಉಣ್ಣೆಯೂ ಬಂತು, ಅದು ನೇರವಾಗಿ ಹೋಗಿ ಕೇಕಿನ ಮೇಲೆ ಕೂತಿತು. ಸಕ್ಕರೆಯ ಗಂಡಿಗೆ ಗಡ್ಡ ಬಂದಿತ್ತು.

ಅಕ್ಕ ಮೇಲಿನ ಅಂತಸ್ತನ್ನು ಕತ್ತರಿಸಿ, "ತಿನ್ಲಾ" ಎಂದು ನನ್ನ ಕೈಗಿಟ್ಟಳು. ಉಳಿದೆರಡರ ಕೆನೆ ಹೆರೆದು, ಐಸ್ ಡಬ್ಬಿಯಲ್ಲಿ ತಂದಿದ್ದ ಮಿಕ್ಕ ಕೆನೆಯಿಂದ ಅಲ್ಲೇ ಗ್ಯಾರೇಜಿನ ನೆರಳಲ್ಲಿ ಮತ್ತೆ ಮೆತ್ತಿದಳು. ಪಾವಗಡದವರೆಗೂ ನಾನು ಹಲ್ಲಿನ ಸಂದಿಯಿಂದ ಉಣ್ಣೆ ಕೀಳುತ್ತಲೇ ಇದ್ದೆ.

ಛತ್ರದಲ್ಲಿ ಮದುಮಗಳ ಅಜ್ಜಿ ಕೇಕು ನೋಡಿ, "ಏಮಮ್ಮಾ, ಮೂಡು ಅಂತಸ್ತುಲು ಅನ್ನಾವು ಕದಾ?" ಎಂದು ತೆಲುಗಿನಲ್ಲಿ ಕೇಳಿದರು, ಮೂರು ಅಂತಸ್ತು ಅಂದಿದ್ದೆಯಲ್ಲ ಎಂದು.

ಅಕ್ಕ ನನ್ನ ಕಡೆ ಕೈ ತೋರಿಸುತ್ತಾಳೆಂದು ಕಾದೆ. "ಕಾರ್ ಎ.ಸಿ. ಕೆಟ್ಟೋಯ್ತು. ಮೊದ್ಲೇ ನೋಡ್ಕೋಬೇಕಿತ್ತು, ನನ್ ತಪ್ಪೇ ಕಣಮ್ಮ" ಎಂದಳು. ತಲೆ ತಗ್ಗಿಸಲು ನನಗೆ ನೆಲವೇ ಸಾಲಲಿಲ್ಲ. ಛತ್ರದವರು ಒಂದು ತುಂಡು ತಿಂದು, "ರುಚಿ ಐತೆ. ಇನ್ನೊಂದ್ಸಲ ನೋಡಾಣ" ಎಂದರು.

ಆ ಇನ್ನೊಂದು ಸಲ ಮೂರು ಅಂತಸ್ತೂ ನೆಟ್ಟಗೆ ತಲುಪಿತು. ಆ ದಿನ ಕಾರು ಓಡಿಸಿದವಳು, ಅಷ್ಟರಲ್ಲಿ ಡ್ರೈವಿಂಗ್ ಕಲಿತಿದ್ದ ಅಕ್ಕ. ಕೀಲಿ ಈಗ ಅವಳ ಸೊಂಟದಲ್ಲಿದೆ.

ನಾನು ಮೊದಲಿನಂತೆ ಗೂಡ್ಸ್ ಆಟೋದಲ್ಲಿ ಸಂತೆಗೆ ಹೋಗುತ್ತೇನೆ. ಆದರೆ ಎ.ಸಿ.ಯಲ್ಲಿ ಹೋಗಿ ರೇಟು ಕುದುರದೆ ವಾಪಸು ಬಂದಿದ್ದ ಕುರಿಗಳು ಆಟೋ ಹತ್ತುವುದಿಲ್ಲ. ಬಿಸಿಲಲ್ಲಿ ನಿಂತು ಅಕ್ಕನ ಕಾರಿನ ಮುಂಬಾಗಿಲನ್ನೇ ನೋಡುತ್ತವೆ. ಹಿಂದಿನಿಂದ ನೂಕುವವನು ನಾನೇ. ಸಂತೆಯಲ್ಲಿ ಅವಕ್ಕಿಂತ ಹೆಚ್ಚು ಏದುಸಿರು ಬಿಡುವವನೂ ನಾನೇ. ಮೊನ್ನೆ ಕೊಳ್ಳಲು ಬಂದವನೊಬ್ಬ ಕುರಿಯನ್ನು ಬಿಟ್ಟು ನನ್ನನ್ನೇ ನೋಡಿ, "ಸೊರಗೀಯಲ್ಲಪ್ಪ" ಎಂದ!